ಕಿಲ್ತಾನ್‌ಗೊಂದು ಸಾದಾ ಟಿಕೆಟ್ ಬೇಕು

ಮಲ್ಲಿಪಟ್ಟಣದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದ ಹೆಣ್ಣುಮಗಳು ಅರಕಲಗೂಡು, ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಸಂಜೆಯೊಳಗೆ ಮಂಗಳೂರು ಮುಟ್ಟಬಹುದು. ಟಿಕೆಟ್ಟಿನ ಖರ್ಚು ಸೊನ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹಾಸನ ಜಿಲ್ಲೆಯ ಹೆಂಗಸರಿಗೆ ಧರ್ಮಸ್ಥಳ, ಕುಕ್ಕೆ, ಕಟೀಲು ಯಾವುದೂ ದೂರವಲ್ಲ. ಗುರುತಿನ ಚೀಟಿ ತೋರಿಸಿದರೆ ಮುಗಿಯಿತು. ಜೊತೆಗೆ ಬರುವ ಗಂಡಸರು ಮಾತ್ರ ಜೇಬಿಗೆ ಕೈ ಹಾಕಬೇಕು, ಅದೂ ಕೆಲವು ನೂರು ರೂಪಾಯಿಗೆ.

ಬಸ್ಸಿನ ದಾರಿ ಮುಗಿಯುವ ಮಂಗಳೂರಿನಿಂದ ಲಕ್ಷದ್ವೀಪದ ಕಿಲ್ತಾನ್ ದ್ವೀಪ ನೇರ ಗೆರೆಯಲ್ಲಿ ಸುಮಾರು 250 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಅರವತ್ತೆಪ್ಪತ್ತು ಕಿಲೋಮೀಟರ್ ಹೆಚ್ಚು, ಅಷ್ಟೆ. ಅದರಾಚೆ ಚೆಟ್ಲಾಟ್, ಕಡಮತ್, ಅಮಿನಿ. ಹವಳದ ದಂಡೆ, ತೆಂಗಿನ ತೋಪು, ತಿಳಿನೀಲಿ ನೀರು ಎಂದು ಜಾಹೀರಾತುಗಳು ತೋರಿಸುವುದೆಲ್ಲ ಅಲ್ಲಿದೆ. ಇಲ್ಲದಿರುವುದು ಮಂಗಳೂರಿನ ಕೌಂಟರಿನಲ್ಲಿ ನಿಂತು ಕೊಳ್ಳಬಹುದಾದ ಒಂದು ಸಾದಾ ಟಿಕೆಟ್.

ಕಡಿಮೆ ಖರ್ಚಿನಲ್ಲಿ ದ್ವೀಪ ನೋಡುವುದು ಹೇಗೆಂದು ಹೇಳಿಕೊಡುವವರಿಗೆ ಬರವಿಲ್ಲ. ವಿಮಾನದ ಟಿಕೆಟ್ ಮೂರು ತಿಂಗಳು ಮೊದಲೇ ಕಾಯ್ದಿರಿಸಿ, ಹಂಗಾಮು ಬಿಟ್ಟು ಹೋಗಿ, ರೆಸಾರ್ಟ್ ಬಿಟ್ಟು ಹೋಂಸ್ಟೇ ಹಿಡಿಯಿರಿ ಎನ್ನುತ್ತಾರೆ. ಇದೆಲ್ಲ ಐವತ್ತು ಸಾವಿರ ಇರುವವರು ಮೂವತ್ತರಲ್ಲಿ ಮುಗಿಸುವ ಉಪಾಯ. ಶುಂಠಿಗೆ ರೇಟು ಬಂದ ವರ್ಷ, ಇಲ್ಲವೇ ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪಿಗೆ ಬೆಲೆ ಸಿಕ್ಕ ವರ್ಷ ಮನೆಮಂದಿಯನ್ನು ಎಲ್ಲಾದರೂ ಕರೆದುಕೊಂಡು ಹೋಗಿಬರೋಣ ಎನ್ನುವ ಅರಕಲಗೂಡು ಸೀಮೆಯ ರೈತನಿಗೆ ಅದರಿಂದ ಆಗುವುದೇನೂ ಇಲ್ಲ. ಅವನ ಪಾಲಿಗೆ ದ್ವೀಪ ದುಬಾರಿಯಾಗಿರುವುದು ದೂರದಿಂದಲ್ಲ. ಸಾದಾ ಹಡಗು, ಸಾದಾ ಹಾಸಿಗೆ, ಸಾದಾ ಊಟ ಈ ಮೂರನ್ನೂ ಯಾರೂ ಒಟ್ಟಿಗೆ ಒದಗಿಸಿಲ್ಲ, ಅದರಿಂದ.

ಮಂಗಳೂರಿನಿಂದ ದ್ವೀಪಕ್ಕೆ ದಾರಿ ಕೇಳುವುದು ಹೊಸ ಹಕ್ಕಿನ ಮಾತೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ದ್ವೀಪದವರು 18ನೇ ಶತಮಾನದ ಕೊನೆಗೆ ಟಿಪ್ಪುವಿನ ಆಶ್ರಯ ಬೇಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದ್ವೀಪಗಳು ಕಂಪನಿಯ ಕೈಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದವು. ದ್ವೀಪದ ತೆಂಗಿನ ನಾರು ಸರ್ಕಾರದ ಏಕಸ್ವಾಮ್ಯವಾಗಿತ್ತು: ನಾರು ಮಂಗಳೂರಿಗೆ ಬರಬೇಕು, ಬದಲಿಗೆ ಅಕ್ಕಿ ಹೋಗಬೇಕು. ನ್ಯಾಯದ ವ್ಯಾಪಾರವೆಂದು ಅದನ್ನು ಹೊಗಳುವಂತಿಲ್ಲ, ಆದರೆ ದಾರಿಯಂತೂ ಜೀವಂತವಾಗಿತ್ತು. 1956ರ ನವೆಂಬರ್ 1ರಂದು ಇತ್ತ ಕನ್ನಡ ನಾಡು ಒಂದಾಯಿತು, ಅತ್ತ ಅದೇ ದಿನ ಈ ದ್ವೀಪಗಳು ಲಕ್ಕದಿವಿ, ಮಿನಿಕಾಯ್ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಆಡಳಿತ ಕೋಯಿಕ್ಕೋಡಿನಿಂದ ನಡೆಯಿತು, 1964ರಲ್ಲಿ ಕವರತ್ತಿಗೆ ಹೋಯಿತು. ಕಾಗದಪತ್ರಗಳ ಜೊತೆ ಪ್ರಯಾಣಿಕರ ದಿಕ್ಕೂ ಬದಲಾಯಿತು.

ಸರಕಿನ ದಿಕ್ಕು ಮಾತ್ರ ಬದಲಾಗಲಿಲ್ಲ. ಮಂಗಳೂರಿನ ಹಳೆ ಬಂದರಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಎದುರು ದಡದಲ್ಲಿ ಬೆಂಗ್ರೆಯ ಮರಳುದಿಣ್ಣೆ, ಈಚೆ ಧಕ್ಕೆಗೆ ಒರಗಿ ನಿಂತ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು. ದಡಕ್ಕೂ ಮಂಜಿಗೂ ನಡುವೆ ಒಂದು ಹಲಗೆ. ಅದರ ಮೇಲೆ ಹೆಜ್ಜೆ ಅಳೆದು ನಡೆಯುತ್ತ ಹೊರೆಯಾಳುಗಳು ಸಿಮೆಂಟಿನ ಚೀಲ, ಇಟ್ಟಿಗೆ, ಈರುಳ್ಳಿ ಮೂಟೆ ಇಳಿಸುತ್ತಾರೆ. ಹೊಟ್ಟೆಯೊಳಗೆ ಜಲ್ಲಿ ತುಂಬಿದಷ್ಟೂ ಮಂಜಿ ನೀರಿಗೆ ತಗ್ಗುತ್ತ ಹೋಗುತ್ತದೆ, ಹಲಗೆಯ ಓರೆ ಬದಲಾಗುತ್ತದೆ. ಹವಳದ ಮರಳಿನ ನೆಲದಲ್ಲಿ ಕಲ್ಲಿಲ್ಲ. ಹಾಗಾಗಿ ದ್ವೀಪದಲ್ಲಿ ಏಳುವ ಶಾಲೆಯ ಗೋಡೆಗೂ ಮನೆಯ ತಾರಸಿಗೂ ದಕ್ಷಿಣ ಕನ್ನಡದ ಜಲ್ಲಿಯೇ ಬೇಕು. ಘಟ್ಟದ ಮೇಲಿನ ತರಕಾರಿಯೂ ಹೀಗೆಯೇ ದ್ವೀಪ ಸೇರುತ್ತದೆ. ಆಲೂಗೆಡ್ಡೆಗಿರುವ ದಾರಿ ಆಲೂಗೆಡ್ಡೆ ಬೆಳೆದವನಿಗೆ ಇಲ್ಲವೆಂದರೆ ಅದು ತಮಾಷೆಯಲ್ಲ.

ಅವನು ಏನು ಮಾಡಬೇಕು? ಕೊಚ್ಚಿಗೆ ಹೋಗಬೇಕು. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರ್ ರೈಲಿನಲ್ಲಿ ಸಾಗಿ, ಅಲ್ಲಿಂದ ಮತ್ತೆ 394 ಕಿಲೋಮೀಟರ್ ಸಮುದ್ರ ದಾಟಿದರೆ ಕಿಲ್ತಾನ್. ಪ್ರವಾಸಿಗಳಿಗೆಂದು ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆ ನಡೆಸುವ ‘ಸಮುದ್ರಂ’ ಪ್ಯಾಕೇಜು ಕೊಚ್ಚಿಯಿಂದಲೇ ಹೊರಡುತ್ತದೆ. 700 ಮಂದಿ ಹಿಡಿಸುವ ಎಂ.ವಿ. ಕವರತ್ತಿ ಹಡಗು ರಾತ್ರಿ ಪ್ರಯಾಣ, ಹಗಲು ದ್ವೀಪ ಎಂಬ ಲೆಕ್ಕದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸಿ ಕರೆತರುತ್ತದೆ. ಏರ್ಪಾಡು ಅಚ್ಚುಕಟ್ಟು. ಆದರೆ ತಲೆಗೆ ಹತ್ತಾರು ಸಾವಿರ ಬೀಳುತ್ತದೆ, ನಾಲ್ಕು ಜನರ ಮನೆಗೆ ಲಕ್ಷದ ಮಾತು. ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ 2024ರ ಮಾರ್ಚ್ 31ರಂದು ಇಂಡಿಗೊ ವಿಮಾನ ಶುರುವಾಯಿತು. ಅಗತ್ತಿಯ ರನ್‌ವೇ ಕಿರಿದು, ಇಳಿಯುವುದು ಎಪ್ಪತ್ತೆಂಟು ಸೀಟಿನ ಎಟಿಆರ್. ಸೀಟು ಕಡಿಮೆ ಇದ್ದಲ್ಲಿ ದರ ಏರದೆ ಇರುತ್ತದೆಯೇ?

ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ದಂಡೆಯಲ್ಲಿ ಕುರ್ಚಿ ಹಾಕಿ ಕುಳಿತ ಚಿತ್ರಗಳು ಬಂದದ್ದೂ, ಮಾಲ್ಡೀವ್ಸ್ ಜೊತೆ ಜಟಾಪಟಿ ಎದ್ದದ್ದೂ ಎಲ್ಲರಿಗೂ ನೆನಪಿದೆ. ಲಕ್ಷದ್ವೀಪಕ್ಕಾಗಿ ತನ್ನಲ್ಲಿ ನಡೆದ ಹುಡುಕಾಟ ಶೇ 3400ರಷ್ಟು ಏರಿತೆಂದು ಒಂದು ಪ್ರಯಾಣ ಕಂಪನಿ ಹೇಳಿಕೊಂಡಿತು. ಹುಡುಕಿದವರಲ್ಲಿ ಹೋದವರೆಷ್ಟು ಎಂದು ಯಾರೂ ಕೇಳಲಿಲ್ಲ.

ಜಗಳ ಮರೆತು ಮಾಲ್ಡೀವ್ಸ್‌ನಿಂದ ಒಂದು ಪಾಠ ಕಲಿಯುವುದು ಲಾಭ. ಅಲ್ಲಿ ದಶಕಗಳ ಕಾಲ ಪ್ರವಾಸಿಗಳನ್ನು ಜನವಸತಿಯಿಲ್ಲದ ದ್ವೀಪಗಳ ರೆಸಾರ್ಟುಗಳಲ್ಲೇ ಇರಿಸುತ್ತಿದ್ದರು. ಸಿರಿವಂತರಿಗಷ್ಟೇ ದಕ್ಕುವ ನಾಡೆಂಬ ಹೆಸರು ಬಂದದ್ದು ಹಾಗೆ. 2009ರ ಸುಮಾರಿಗೆ ಆ ನಿಯಮ ಸಡಿಲಗೊಂಡು, ಜನ ವಾಸಿಸುವ ದ್ವೀಪಗಳಲ್ಲೂ ಅತಿಥಿಗೃಹ ನಡೆಸಲು ಅನುಮತಿ ಸಿಕ್ಕಿತು. ಮಾಫುಶಿಯಂಥ ಮೀನುಗಾರರ ಊರು ಕೆಲವೇ ವರ್ಷಗಳಲ್ಲಿ ಸಾಮಾನ್ಯ ಪ್ರವಾಸಿಗಳ ಬೀಡಾಯಿತು. ರಾಜಧಾನಿ ಮಾಲೆಯಿಂದ ಅಲ್ಲಿಗೆ ಸರ್ಕಾರಿ ದೋಣಿಯಲ್ಲಿ ಹೋಗಲು ಕೆಲವೇ ಡಾಲರ್ ಸಾಕು. ದ್ವೀಪ ಹತ್ತಿರ ಬರಲಿಲ್ಲ, ಸಮುದ್ರ ಕಿರಿದಾಗಲಿಲ್ಲ, ನಿಯಮವೊಂದು ಬದಲಾಯಿತು. ಅದೇ ಹವಳದ ಸರಪಳಿಯ ಉತ್ತರದ ಕೊಂಡಿಗಳು ನಮ್ಮ ಲಕ್ಷದ್ವೀಪ. ಮಿನಿಕಾಯ್‌ನವರು ಆಡುವ ಮಹಲ್ ಮಾಲ್ಡೀವ್ಸ್‌ನ ದಿವೇಹಿಯದೇ ರೂಪ.

ಹೊರಗೇಕೆ, ನಮ್ಮದೇ ಅಂಡಮಾನ್ ಇದೆ. ಕನ್ನಡ ಓದುಗರಿಗೆ ಅದು ಹೊಸ ಹೆಸರಲ್ಲ, ಪೂರ್ಣಚಂದ್ರ ತೇಜಸ್ವಿ ಅಲ್ಲಿ ಅಲೆದಾಡಿ ಪುಸ್ತಕ ಬರೆದು ಬಹಳ ಕಾಲವಾಯಿತು. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಅಲ್ಲಿಗೆ ಪ್ರಯಾಣಿಕರ ಹಡಗುಗಳಿವೆ. ಚೆನ್ನೈನಿಂದ ಎರಡೂವರೆ ಮೂರು ದಿನ. ಸಾಲು ಮಂಚಗಳ ಬಂಕ್ ದರ್ಜೆ ಕ್ಯಾಬಿನ್ನಿಗಿಂತ ಬಲು ಅಗ್ಗ. ಸಮುದ್ರ ಹುಚ್ಚೆದ್ದರೆ ವಾಂತಿ ಖಂಡಿತ, ಶೌಚಾಲಯದ ಸ್ಥಿತಿ ಹೇಳದಿರುವುದೇ ಮೇಲು. ಹಾಗಿದ್ದೂ ಆ ದರ್ಜೆಗೆ ಟಿಕೆಟ್ ಸಿಗುವುದು ಸುಲಭವಲ್ಲ. ಈಗ ಶ್ರೀವಿಜಯಪುರಂ ಎನ್ನಿಸಿಕೊಳ್ಳುವ ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಖಾಸಗಿ ಹಡಗು ಒಂದೂವರೆ ಗಂಟೆಯಲ್ಲಿ ಹೋದರೆ ಸರ್ಕಾರಿ ಹಡಗು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ದರದಲ್ಲಿ ಮಾತ್ರ ಹಲವು ಪಟ್ಟು ವ್ಯತ್ಯಾಸ. ಒಂದು ಗಂಟೆ ಹೆಚ್ಚು ಕೂರಬಲ್ಲವನಿಗೆ ಹ್ಯಾವ್ಲಾಕ್‌ನ ರಾಧಾನಗರದ ದಂಡೆ ಅಷ್ಟೇ ಬೆಳ್ಳಗಿರುತ್ತದೆ.

ಇಂಥ ಸಾದಾ ಹಡಗು ಮಂಗಳೂರಿಗೂ ಬರಲೆಂದು ಕಾಯುವ ತಾಳ್ಮೆ ಇಲ್ಲದವರು ಮಲ್ಪೆಗೆ ಹೋಗಲಿ. ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನದಲ್ಲಿ ಸಿಗುತ್ತದೆ, ಬೆಳಗಿನ ಜಾವ ಉಡುಪಿಯಲ್ಲಿ ಇಳಿಸುತ್ತದೆ. ಚನ್ನರಾಯಪಟ್ಟಣದವರಿಗೆ ಹಗಲು ಹೊತ್ತಿನ ಗೋಮಟೇಶ್ವರ ಎಕ್ಸ್‌ಪ್ರೆಸ್ ಮಂಗಳೂರಿನವರೆಗೆ ಇದೆ. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಗೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಆದವು. ಮಳೆಗಾಲದಲ್ಲಿ ದೋಣಿ ಇಲ್ಲ, ರಾತ್ರಿ ತಂಗಲು ಬಿಡುವುದಿಲ್ಲ. ಊಟದ ಬುತ್ತಿ ಹಿಡಿದು ಹೊರಟರೆ ಕೆಲವು ನೂರು ರೂಪಾಯಿಯಲ್ಲಿ ದ್ವೀಪ ನೋಡಿದಂತಾಗುತ್ತದೆ. ಆದರೆ ಇದು ದಡ ಕಾಣುವ ದ್ವೀಪ. ನಾಲ್ಕೂ ದಿಕ್ಕಿಗೆ ನೀರೇ ಕಾಣುವ ಊರಿನಲ್ಲಿ ಒಂದು ರಾತ್ರಿ ಮಲಗೆದ್ದ ಅನುಭವಕ್ಕೆ ಇದು ಸಾಟಿಯಲ್ಲ.

ಈಗ ಎದುರು ವಾದಕ್ಕೆ ಬರೋಣ, ಏಕೆಂದರೆ ಅದು ಹಗುರವಾದದ್ದಲ್ಲ. ಲಕ್ಷದ್ವೀಪದ ಅಷ್ಟೂ ನೆಲ ಸೇರಿದರೆ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿ 64,473 ಜನ. ಹವಳದ ಮರಳಿನಡಿ, ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಮಳೆನೀರೇ ಬಾವಿಯ ನೀರು. ಹೆಚ್ಚು ಎಳೆದರೆ ಕೆಳಗಿನಿಂದ ಉಪ್ಪು ಏರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ತಣಿಸುವ ಆ ಘಟಕ ದಿನಕ್ಕೆ ಕೊಡುವುದು ಒಂದು ಲಕ್ಷ ಲೀಟರ್. ಆ ಊರಿನ ಜನ ಹನ್ನೊಂದು ಸಾವಿರದಷ್ಟು. ತಲೆಗೆಷ್ಟು ಬಂತೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ದಿನಕ್ಕೆರಡು ಬಾರಿ ಷವರ್ ಬಯಸುವ ಅತಿಥಿ ಅಲ್ಲಿ ಯಾರದೋ ಕುಡಿಯುವ ನೀರಿಗೆ ಕೈ ಹಾಕುತ್ತಾನೆ. ಸಮುದ್ರ ಬಿಸಿಯೇರಿದ ವರ್ಷಗಳಲ್ಲಿ, 1998, 2010, 2016ರಲ್ಲಿ, ಅಲ್ಲಿನ ಹವಳ ಬಿಳಿಚಿ ಸತ್ತಿದೆ. ಬಂಗಾರಂ ಬಳಿಯ ಪರಳಿ-1 ಎಂಬ ಕಿರುದ್ವೀಪ ಕೊರೆತಕ್ಕೆ ಸಿಕ್ಕಿ ಪೂರ್ತಿ ಮುಳುಗಿತೆಂದು 2017ರಲ್ಲಿ ವರದಿಯಾಯಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಸಮಿತಿಯನ್ನು ಸುಪ್ರೀಂ ಕೋರ್ಟ್ ನೇಮಿಸಿದ್ದೇ ಈ ದ್ವೀಪಗಳು ಎಷ್ಟು ಭಾರ ತಾಳಬಲ್ಲವು ಎಂಬ ಪ್ರಶ್ನೆ ಇದ್ದುದರಿಂದ. ಹೊರಗಿನವರು ಪರವಾನಗಿ ಇಲ್ಲದೆ ಕಾಲಿಡಬಾರದೆಂಬ 1967ರ ನಿಯಮವೂ ದ್ವೀಪದವರ ರಕ್ಷಣೆಗೇ ಇದೆ. ಅದನ್ನು ತೆಗೆಯಿರಿ ಎನ್ನುವುದು ತಪ್ಪು.

ಆದರೆ ಜನರನ್ನು ತಡೆಯಲು ಎರಡು ದಾರಿಗಳಿವೆ. ಒಂದು, ಸಂಖ್ಯೆಗೆ ಮಿತಿ ಹಾಕುವುದು. ಇನ್ನೊಂದು, ಬೆಲೆ ಏರಿಸಿ ಬಡವರನ್ನು ಹೊರಗಿಡುವುದು. ಈಗ ನಡೆಯುತ್ತಿರುವುದು ಎರಡನೆಯದು, ಮತ್ತು ಅದರಿಂದ ಹವಳಕ್ಕೆ ಲಾಭವಿಲ್ಲ. ಟೆಂಟ್ ಸಿಟಿಗೆ, ನೀರ ಮೇಲಿನ ವಿಲ್ಲಾಗೆ ಬರುವ ಒಬ್ಬ ಪ್ರವಾಸಿ ಬಳಸುವ ನೀರು, ವಿದ್ಯುತ್ತು, ಬಿಡುವ ಕಸ ಮೀನುಗಾರರ ಮನೆಯ ಕೋಣೆಯಲ್ಲಿ ಬಕೆಟ್ ನೀರಿನಲ್ಲಿ ಮೈ ತೊಳೆದು, ಚೂರೆ (ಟ್ಯೂನಾ) ಮೀನಿನ ಸಾರು ಉಣ್ಣುವವನದಕ್ಕಿಂತ ಎಷ್ಟೋ ಹೆಚ್ಚು. ಹಣವೂ ಕಂಪನಿಗೆ ಹೋಗುತ್ತದೆಯೇ ಹೊರತು ಆ ಮನೆಯ ಹೆಂಗಸಿನ ಕೈಗಲ್ಲ. ಬಡ ಪ್ರವಾಸಿಯೇ ದ್ವೀಪಕ್ಕೆ ಹಗುರ.

ಹಡಗಿನ ಮಾತು ಬಂದಾಗ ಇನ್ನೊಂದು ನಿಜ ಒಪ್ಪಬೇಕು. ಕೊಚ್ಚಿಯಲ್ಲಿ ಟಿಕೆಟ್ ಸಿಗದೆ ದ್ವೀಪದವರೇ ದಿನಗಟ್ಟಲೆ ಕಾದ ಸುದ್ದಿಗಳು ಮತ್ತೆ ಮತ್ತೆ ಬಂದಿವೆ. ಆಸ್ಪತ್ರೆಗೆಂದು, ಕಾಲೇಜಿಗೆಂದು ಮಂಗಳೂರಿಗೆ ಬರುವ ಅಮಿನಿ, ಕಿಲ್ತಾನ್‌ನವರ ಸೀಟು ಕಿತ್ತು ಹಾಸನದ ಪ್ರವಾಸಿಗೆ ಕೊಡಬಾರದು. ಮಂಗಳೂರಿನ ದಾರಿ ತೆರೆದರೆ ಮೊದಲ ಲಾಭ ಅವರಿಗೇ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಸುಮಾರು 160 ಪ್ರಯಾಣಿಕರನ್ನು ಹೊತ್ತು ಏಳೇ ಗಂಟೆಯಲ್ಲಿ ಲಕ್ಷದ್ವೀಪದಿಂದ ಮಂಗಳೂರಿನ ಹಳೆ ಬಂದರಿಗೆ ಬಂದಿತ್ತು. ಏಳು ಗಂಟೆ ಎಂದರೆ ಮಲ್ಲಿಪಟ್ಟಣದಿಂದ ಬಸ್ಸು ಬದಲಿಸಿ ಬೆಂಗಳೂರು ಸೇರಿ, ಅಲ್ಲಿನ ಟ್ರಾಫಿಕ್ಕಿನಲ್ಲಿ ನೆಂಟರ ಮನೆ ಹುಡುಕುವಷ್ಟು ಹೊತ್ತು. ಆಗುವುದಿಲ್ಲ ಎನ್ನಲು ಇನ್ನು ಯಾರಿಗೂ ನೆಪವಿಲ್ಲ.

ಹಡಗು ಲಕ್ಷದ್ವೀಪ ಆಡಳಿತದ್ದು, ಹಳೆ ಬಂದರು ಕರ್ನಾಟಕ ಸರ್ಕಾರದ್ದು. ಇಬ್ಬರೂ ಕೂತು ಮಾತಾಡಿದರೆ ಆಗುವ ಕೆಲಸ. ಸಮುದ್ರ ತಿಳಿಯಾಗಿರುವ ತಿಂಗಳುಗಳಲ್ಲಿ ವಾರಕ್ಕೆರಡು ಬಾರಿ ಹಡಗು ಬರಲಿ. ದ್ವೀಪದವರಿಗೆ ಕೊಟ್ಟು ಉಳಿದ ಸೀಟುಗಳಲ್ಲಿ ಇಂತಿಷ್ಟು ಸಾದಾ ದರ್ಜೆಯವು ಎಂದು ಮೊದಲೇ ಪ್ರಕಟವಾಗಲಿ. ಒಂದು ದ್ವೀಪಕ್ಕೆ ಒಂದು ವಾರದಲ್ಲಿ ಎಷ್ಟು ಜನ ಎಂಬ ಮಿತಿಯನ್ನು ಅಲ್ಲಿನ ನೀರು ನೋಡಿ ಹಾಕಲಿ, ಹೆಚ್ಚು ಅರ್ಜಿ ಬಂದರೆ ಚೀಟಿ ಎತ್ತಲಿ. ತಂದ ಪ್ಲಾಸ್ಟಿಕ್ ತಾವೇ ವಾಪಸು ಒಯ್ಯಬೇಕೆಂಬ ಷರತ್ತಿರಲಿ. ಪರವಾನಗಿಗೆ ಬೇಕಾದ ಪೊಲೀಸ್ ಪರಿಶೀಲನಾ ಪತ್ರ ಸೇವಾಸಿಂಧುವಿನಲ್ಲಿ ಈಗಲೂ ಸಿಗುತ್ತದೆ, ಉಳಿದ ಕಾಗದಗಳ ವಿವರವನ್ನೂ ಕನ್ನಡದಲ್ಲಿ ಬರೆದು ಅದರ ಪಕ್ಕದಲ್ಲೇ ಹಾಕಲಿ.

ಮಳೆಗಾಲಕ್ಕೆ ನಿಲ್ಲುವ ಮಂಜಿಗಳು ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ಹೊರಡುತ್ತವೆ. ಹೊಗೆಸೊಪ್ಪಿನ ಹರಾಜು ಶುರುವಾಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಹಾಸನದ ಮತ್ತು ಕರಾವಳಿಯ ಶಾಸಕರು, ಸಂಸದರು ಅದಕ್ಕೆ ಮೊದಲು ಮಂಗಳೂರು–ಕಿಲ್ತಾನ್ ಹಡಗಿನ ವೇಳಾಪಟ್ಟಿಯನ್ನೂ ದರಪಟ್ಟಿಯನ್ನೂ ಕೇಳಿ ತರಲಿ. ಅವರು ತಾವಾಗಿ ಕೇಳುವುದಿಲ್ಲವಾದರೆ ಓದುಗರು ಕೇಳಿಸಲಿ.