ಮಗ್ಗಿ ಒಪ್ಪಿಸಿದರೆ ಗುಣಾಕಾರ ಬಂದಂತಲ್ಲ

ಆಟಿಸಂ ಇರುವ ಮಗುವಿಗೆ ಗುಣಾಕಾರ ಕಲಿಸುವಲ್ಲಿ ಶಾಲೆಗಳು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತವೆ. ಎಲ್ಲರ ಜೊತೆ ಕೂರಿಸಿ ಮಗ್ಗಿ ಬಾಯಿಪಾಠ ಮಾಡಿಸುವುದು ಒಂದು. ‘ಇವನಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ’ ಎಂದು ಕೈಬಿಡುವುದು ಇನ್ನೊಂದು. ಎರಡರಲ್ಲೂ ಮಗುವಿಗೆ ಕಲಿಸುವ ಕೆಲಸ ನಡೆಯುವುದೇ ಇಲ್ಲ.

ಈ ಮಕ್ಕಳಲ್ಲಿ ಹಲವರಿಗೆ ಬಾಯಿಪಾಠ ಕಷ್ಟವೇ ಅಲ್ಲ. 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಕುರಿತು ಪ್ರಬಂಧ ಬರೆದ ಮನೋವೈದ್ಯ ಲಿಯೊ ಕ್ಯಾನರ್ ಆ ಮಕ್ಕಳ ಕಂಠಪಾಠ ಶಕ್ತಿಯನ್ನು ಆಗಲೇ ಗುರುತಿಸಿದ್ದರು. ‘ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು’ ಎಂದು ಶುರುಮಾಡಿದ ಮಗು ಎಪ್ಪತ್ತರವರೆಗೆ ಎಲ್ಲೂ ತಪ್ಪದೆ ಒಪ್ಪಿಸಬಹುದು. ‘ಏಳೆಂಟ್ಲ ಎಷ್ಟು?’ ಎಂದು ನಡುವೆ ಕೇಳಿದರೆ ಮತ್ತೆ ಏಳೊಂದ್ಲದಿಂದಲೇ ಹೊರಡುತ್ತದೆ. ಎಂಟೆಂಟು ಕುರ್ಚಿಗಳ ಏಳು ಸಾಲಿನಲ್ಲಿ ಒಟ್ಟು ಎಷ್ಟು ಎಂದರೆ ಸುಮ್ಮನಾಗುತ್ತದೆ. ಇಡೀ ತರಗತಿ ಒಟ್ಟಿಗೆ ಕೂಗುವ ಸದ್ದು ತಾಳಲಾರದೆ ಕಿವಿ ಮುಚ್ಚಿಕೊಂಡರೆ, ಅದನ್ನು ಹಟ ಎನ್ನುವ ಶಿಕ್ಷಕರೂ ಇದ್ದಾರೆ. ಅದು ಹಟವಲ್ಲ, ಸಂಕಟ.

ಕಣ್ಣಿಗೆ ಕಾಣುವಂತೆ ಕಲಿಸುವುದು ಇಂಥ ಹಲವು ಮಕ್ಕಳಿಗೆ ಒಗ್ಗುತ್ತದೆ. ಚೌಕಳಿ ಹಾಳೆಯ ಮೇಲೆ ಹುಣಸೆ ಬೀಜಗಳನ್ನು ಸಾಲಿಗೆ ಎಂಟರಂತೆ ಏಳು ಸಾಲು ಜೋಡಿಸಬೇಕು. ಹಾಳೆ ತಿರುಗಿಸಿದರೆ ಎಂಟು ಸಾಲು, ಸಾಲಿಗೆ ಏಳು. ಬೀಜ ಮಾತ್ರ ಅದೇ 56. ಐದನೇ ಸಾಲಿನ ಕೆಳಗೆ ಗೆರೆ ಎಳೆದರೆ ಮೇಲೆ 40, ಕೆಳಗೆ 16. ಹೀಗೆ ತಿರುಗಿಸಿ ನೋಡಲು ಬಂದರೆ ಹತ್ತರವರೆಗಿನ 100 ಗುಣಲಬ್ಧಗಳು 55ಕ್ಕೆ ಇಳಿಯುತ್ತವೆ. 1, 2, 5, 10ರ ಮಗ್ಗಿ ಗಟ್ಟಿಯಾಗಿದ್ದರೆ ಹೊಸದಾಗಿ ಕಲಿಯಬೇಕಾದದ್ದು 21 ಮಾತ್ರ. ರೈಲಿನ ಹುಚ್ಚಿರುವ ಮಗುವಿಗೆ ಹಳೆಯ ಮಾದರಿಯ ಸ್ಲೀಪರ್ ಬೋಗಿಯೇ ಪಾಠವಾಗುತ್ತದೆ: ಎಂಟೆಂಟು ಬರ್ತ್‌ಗಳ ಒಂಬತ್ತು ವಿಭಾಗ, ಒಟ್ಟು 72. ಎಲ್ಲರಿಗೂ ಇದೇ ದಾರಿ ಬೇಕೆಂದಿಲ್ಲ. ಲೆಕ್ಕದಲ್ಲಿ ಓರಗೆಯವರನ್ನು ಮೀರಿಸುವವರೂ ಇವರಲ್ಲಿದ್ದಾರೆ.

ಇಂಥ ಮಗುವಿಗೆ ಪರೀಕ್ಷೆಯಲ್ಲಿ ಮಗ್ಗಿ ಪಟ್ಟಿ ಕೊಡುವುದು ಉಳಿದವರಿಗೆ ಅನ್ಯಾಯ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ಯಾವ ಲೆಕ್ಕಕ್ಕೆ ಗುಣಿಸಬೇಕು, ಯಾವುದಕ್ಕೆ ಕೂಡಬೇಕು ಎಂಬುದನ್ನು ಪಟ್ಟಿ ಹೇಳಿಕೊಡುವುದಿಲ್ಲ. ಅದನ್ನು ಮಗುವೇ ಯೋಚಿಸಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆಟಿಸಂ ಅನ್ನು ಒಳಗೊಂಡಿದೆ. ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಸೂಕ್ತ ಮಾರ್ಪಾಡು ಮಾಡಬೇಕೆಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ಇದು ಶಾಲೆ ತೋರುವ ದಯೆಯಲ್ಲ, ಮಗುವಿನ ಹಕ್ಕು.

ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬರ ಪಕ್ಕ ಕೂತು ಬೀಜ ಜೋಡಿಸಲು ಪುರುಸೊತ್ತೆಲ್ಲಿ ಎಂಬ ಶಿಕ್ಷಕರ ಮಾತು ಮಾತ್ರ ನ್ಯಾಯವಾದದ್ದು. ಅದಕ್ಕೆಂದೇ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದೆ. ಶಿಕ್ಷಣ ಇಲಾಖೆ ಆ ಹುದ್ದೆಗಳನ್ನು ತುಂಬಲಿ. ಅಲ್ಲಿಯವರೆಗೆ ಕನಿಷ್ಠ ಮಗ್ಗಿ ಪಟ್ಟಿಯನ್ನಾದರೂ ಮಗುವಿನ ಮೇಜಿನಿಂದ ಯಾರೂ ಕಿತ್ತುಕೊಳ್ಳದಿರಲಿ.