ಸೆಂಟು: ಗಟ್ಟಿಯಾದದ್ದೇ ಒಳ್ಳೆಯದೆ?

ಹಬ್ಬಕ್ಕೋ, ಮದುವೆಗೋ, ಮಗನಿಗೆ ಕೆಲಸ ಸಿಕ್ಕ ಸಂತೋಷಕ್ಕೋ ಒಂದು ಸೆಂಟಿನ ಬಾಟಲಿ ಕೊಳ್ಳೋಣವೆಂದು ನೀವು ಕಮರ್ಷಿಯಲ್ ಸ್ಟ್ರೀಟಿಗೆ ಅಥವಾ ಇಂದಿರಾನಗರದ ನೂರಡಿ ರಸ್ತೆಗೆ ಹೋಗುತ್ತೀರಿ. ಅಂಗಡಿಯವರು ಒಂದೇ ಹೆಸರಿನ ಮೂರು ಬಾಟಲಿಗಳನ್ನು ನಿಮ್ಮ ಮುಂದಿಡುತ್ತಾರೆ. ಒಂದರ ಮೇಲೆ ‘ಓ ದ ಕಲೋನ್’, ಇನ್ನೊಂದರ ಮೇಲೆ ‘ಓ ದ ಟಾಯ್ಲೆಟ್’, ಮತ್ತೊಂದರ ಮೇಲೆ ‘ಓ ದ ಪರ್ಫ್ಯೂಮ್’ ಎಂದಿರುತ್ತದೆ. ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೀವೂ ಅದನ್ನು ರೈಲಿನ ದರ್ಜೆಗಳಂತೆ ಓದಿಕೊಳ್ಳುತ್ತೀರಿ: ಮೂರನೆಯ ದರ್ಜೆ, ಎರಡನೆಯ ದರ್ಜೆ, ಮೊದಲನೆಯ ದರ್ಜೆ. ಕೈಯಲ್ಲಿ ಹಣವಿದ್ದರೆ ಮೊದಲನೆಯದನ್ನೇ ಕಟ್ಟಿಸಿಕೊಂಡು ಬರುತ್ತೀರಿ.

ಆದರೆ ಈ ಹೆಸರುಗಳು ದರ್ಜೆಯನ್ನು ಹೇಳುವುದಿಲ್ಲ, ಪ್ರಮಾಣವನ್ನು ಹೇಳುತ್ತವೆ. ಮಾತ್ರೆಯ ಪಟ್ಟಿಯ ಮೇಲೆ 250 ಅಥವಾ 500 ಮಿಲಿಗ್ರಾಂ ಎಂದು ಬರೆದಿರುತ್ತದಲ್ಲ, ಹಾಗೆ. 500 ಇದೆಯೆಂದು ಯಾರೂ ಅದನ್ನು ಉತ್ತಮ ಮಾತ್ರೆ ಎನ್ನುವುದಿಲ್ಲ. ಯಾರಿಗೆ, ಎಷ್ಟು, ದಿನಕ್ಕೆ ಎಷ್ಟು ಸಲ ಎಂದು ಕೇಳುತ್ತಾರೆ. ಸೆಂಟಿನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ಏಕೆಂದರೆ ಅದು ಬೀಳುವುದು ನಿಮ್ಮ ಚರ್ಮದ ಮೇಲೆ, ಹೋಗುವುದು ಪಕ್ಕದವರ ಶ್ವಾಸಕೋಶಕ್ಕೆ.

ಡಿಕಾಕ್ಷನ್ನಿನ ಲೆಕ್ಕ

ಸೆಂಟಿನಲ್ಲಿ ಮುಖ್ಯವಾಗಿ ಇರುವುದು ಸುಗಂಧ ತೈಲಗಳ ಮಿಶ್ರಣ, ಅದನ್ನು ಕರಗಿಸಿಕೊಳ್ಳುವ ಮದ್ಯಸಾರ, ಸ್ವಲ್ಪ ನೀರು. ತೈಲವೆಂದರೆ ಡಿಕಾಕ್ಷನ್, ಮದ್ಯಸಾರವೆಂದರೆ ಹಾಲು ಎಂದು ತಿಳಿಯಿರಿ. ವ್ಯಾಪಾರದ ರೂಢಿಯಲ್ಲಿ ಕಲೋನ್‌ನಲ್ಲಿ ತೈಲ ಸುಮಾರು ಶೇ. 2ರಿಂದ 5, ಓ ದ ಟಾಯ್ಲೆಟ್‌ನಲ್ಲಿ ಶೇ. 5ರಿಂದ 15, ಓ ದ ಪರ್ಫ್ಯೂಮ್‌ನಲ್ಲಿ ಶೇ. 15ರಿಂದ 20. ಬರಿಯ ‘ಪರ್ಫ್ಯೂಮ್’ ಎಂದು ಮಾರುವ ಪುಟ್ಟ ಬಾಟಲಿಗಳಲ್ಲಿ ಶೇ. 20ರಿಂದ 30, ಕೆಲವೊಮ್ಮೆ ಇನ್ನೂ ಹೆಚ್ಚು. ಕ್ಷೌರದ ನಂತರ ಹಚ್ಚುವ ಲೋಷನ್ನಿನಲ್ಲಿ ಎಲ್ಲಕ್ಕಿಂತ ಕಡಿಮೆ. ಟಾಯ್ಲೆಟ್ ಎಂಬ ಮಾತಿಗೆ ಮುಖ ಸಿಂಡರಿಸಬೇಡಿ. ಫ್ರೆಂಚಿನಲ್ಲಿ ಅದಕ್ಕೆ ಸಿಂಗರಿಸಿಕೊಳ್ಳುವುದು ಎಂದರ್ಥ.

ಇವು ರೂಢಿಯ ಅಂಕಿಗಳೇ ಹೊರತು ಕಾನೂನಿನ ಗೆರೆಗಳಲ್ಲ. ಒಂದು ಕಂಪನಿಯ ಟಾಯ್ಲೆಟ್ ಇನ್ನೊಂದು ಕಂಪನಿಯ ಪರ್ಫ್ಯೂಮ್‌ನಷ್ಟೇ ಗಟ್ಟಿಯಾಗಿರಬಹುದು. ಒಂದೇ ಹೆಸರಿನ ಎರಡು ಬಾಟಲಿಗಳಲ್ಲಿ ನೀರಿನ ವ್ಯತ್ಯಾಸ ಮಾತ್ರವಲ್ಲ, ಪಾಕವೇ ಬೇರೆಯಾಗಿರುವುದೂ ಉಂಟು. ಒಂದರಲ್ಲಿ ನಿಂಬೆ, ಕಿತ್ತಳೆಯ ಅಂಶ ಹೆಚ್ಚು. ಇನ್ನೊಂದರಲ್ಲಿ ಮರ, ಅಂಟು, ವೆನಿಲ್ಲಾದ ಅಂಶ ಹೆಚ್ಚು. ನಿಂಬೆಯ ಕಣಗಳು ಹಗುರ, ಬೇಗ ಹಾರಿಹೋಗುತ್ತವೆ. ಗಂಧದಂಥ ಭಾರದ ಕಣಗಳು ನಿಧಾನವಾಗಿ ಆರುತ್ತವೆ. ಕಲೋನ್ ಒಂದೆರಡು ಗಂಟೆಗೆ ಮಾಯವಾಗಿ ಪರ್ಫ್ಯೂಮ್ ಸಂಜೆಯವರೆಗೆ ಉಳಿಯುವುದಕ್ಕೆ ಪ್ರಮಾಣದ ಜೊತೆಗೆ ಇದೂ ಕಾರಣ.

ಒತ್ತುಗಳನ್ನು ಎಣಿಸಿ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಬಾಟಲಿಯ ತಲೆಯನ್ನು ಒಮ್ಮೆ ಒತ್ತಿದರೆ ಹೆಚ್ಚು ಕಡಿಮೆ 0.1 ಮಿಲಿಲೀಟರ್ ಹೊರಬರುತ್ತದೆ. ಶೇ. 8ರ ಟಾಯ್ಲೆಟ್ ಆದರೆ ಒಂದು ಒತ್ತಿಗೆ ಸುಮಾರು 8 ಮಿಲಿಗ್ರಾಂ ತೈಲ. ‘ಇದು ತಿಳಿಯಾದದ್ದು, ಏನೂ ಆಗುವುದಿಲ್ಲ’ ಎಂದುಕೊಂಡು ಕುತ್ತಿಗೆ, ಎದೆ, ಮಣಿಕಟ್ಟುಗಳಿಗೆಲ್ಲ ಎಂಟು ಸಲ ಒತ್ತಿದಿರಿ ಎನ್ನಿ. ಮೈಮೇಲೆ ಬಿದ್ದದ್ದು 64 ಮಿಲಿಗ್ರಾಂ. ಶೇ. 16ರ ಪರ್ಫ್ಯೂಮನ್ನು ಎರಡೇ ಸಲ ಒತ್ತಿದವರ ಮೈಮೇಲೆ ಬಿದ್ದದ್ದು 32. ತಿಳಿಯಾದದ್ದನ್ನು ಹಾಕಿಕೊಂಡವರೇ ದುಪ್ಪಟ್ಟು ಹಾಕಿಕೊಂಡಂತಾಯಿತು!

ಜೇಬಿನ ಲೆಕ್ಕವೂ ಹೀಗೆಯೇ. 100 ಮಿಲಿಲೀಟರಿನ ಶೇ. 4ರ ಕಲೋನ್‌ನಲ್ಲಿ ತೈಲ ಇರುವುದು 4 ಮಿಲಿಲೀಟರ್. 50 ಮಿಲಿಲೀಟರಿನ ಶೇ. 16ರ ಪರ್ಫ್ಯೂಮ್‌ನಲ್ಲಿ 8. ದೊಡ್ಡ ಬಾಟಲಿ ಕಂಡು ಲಾಭವೆಂದು ಹಿಗ್ಗಬೇಡಿ. ಹಾಗೆಂದು ಗಟ್ಟಿಯಾದದ್ದನ್ನು ಕೊಂಡು ತಿಳಿಯಾದದ್ದರಂತೆ ಸುರಿದುಕೊಂಡರೆ ಹಣವೂ ಹೋಯಿತು, ಚರ್ಮಕ್ಕೂ ಕಷ್ಟ.

ಹೆಚ್ಚು ಸುರಿದುಕೊಳ್ಳುವುದಕ್ಕೆ ನಮ್ಮ ಮೂಗೇ ಒಂದು ಕಾರಣ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ನಿಮ್ಮ ಸೆಂಟು ನಿಮಗೆ ಬರುತ್ತಿಲ್ಲವೆಂದರೆ ಅದು ಹಾರಿಹೋಗಿದೆ ಎಂದಲ್ಲ; ಎದುರಿಗಿರುವವರಿಗೆ ಚೆನ್ನಾಗಿಯೇ ಬರುತ್ತಿರುತ್ತದೆ. ವಯಸ್ಸಾದಂತೆ ವಾಸನೆ ಗ್ರಹಿಸುವ ಶಕ್ತಿ ಕುಗ್ಗುತ್ತದೆ. 2020ರಿಂದ ಈಚೆಗೆ ಕೋವಿಡ್ ಬಂದುಹೋದ ಕೆಲವರಿಗೆ ಅದು ಪೂರ್ತಿ ಮರಳಿಲ್ಲ. ಇಂಥವರು ಎಷ್ಟು ಹಾಕಿಕೊಳ್ಳಬೇಕೆಂಬುದನ್ನು ಮೂಗಿಗೆ ಬಿಡದೆ ಬೆರಳಿನಿಂದ ಎಣಿಸಬೇಕು.

ಚರ್ಮ ಮರೆಯುವುದಿಲ್ಲ

ಸೆಂಟಿನ ಅಲರ್ಜಿ ಮೊದಲ ದಿನವೇ ಬರುವುದು ಅಪರೂಪ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ಆ ವಸ್ತುವನ್ನು ವೈರಿಯೆಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಆ ಗುರುತು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಚ್ಚಿದ ಒಂದರಿಂದ ಮೂರು ದಿನಗಳ ನಂತರ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ ಕಾಣಿಸುವುದರಿಂದ ನಾವು ನಿನ್ನೆ ತಿಂದ ಬದನೆಕಾಯಿಯನ್ನು ದೂರುತ್ತೇವೆ, ಸೋಮವಾರ ಹಚ್ಚಿದ ಸೆಂಟನ್ನು ದೂರುವುದಿಲ್ಲ.

ಇಲ್ಲಿ ಸಾಂದ್ರತೆಯ ಪಾತ್ರ ದೊಡ್ಡದು. ಒಂದು ಚದರ ಸೆಂಟಿಮೀಟರ್ ಚರ್ಮದ ಮೇಲೆ ಎಷ್ಟು ಬೀಳುತ್ತದೆ ಎಂಬುದರ ಮೇಲೆ ಅಲರ್ಜಿ ಹುಟ್ಟುವ ಸಂಭವ ನಿಂತಿದೆ. ಅಗಲವಾಗಿ ಹರಡಿದ ತೆಳು ತುಂತುರಿಗಿಂತ ಕಿವಿಯ ಹಿಂದಿನ ಒಂದೇ ಚುಕ್ಕೆಯಲ್ಲಿ ದಿನವೂ ಬೀಳುವ ಗಟ್ಟಿ ಹನಿ ಹೆಚ್ಚು ಅಪಾಯಕಾರಿ. ಗಂಡಸರಿಗೆ ಇನ್ನೊಂದು ತೊಂದರೆಯಿದೆ. ಬ್ಲೇಡು ಆಡಿದ ಕೆನ್ನೆ, ಕುತ್ತಿಗೆಗಳ ಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಚರ್ಮದ ಕಾವಲು ಸಡಿಲವಾಗಿರುವ ಆ ಹೊತ್ತಿನಲ್ಲೇ ನಾವು ಸೆಂಟು ಸಿಂಪಡಿಸುತ್ತೇವೆ. ಉರಿಯುತ್ತದೆ. ಉರಿದರೆ ಕೆಲಸ ಮಾಡುತ್ತಿದೆ ಎಂದು ನಂಬುತ್ತೇವೆ!

ನಮ್ಮಂಥ ಕಂದು ಮೈಬಣ್ಣದವರಲ್ಲಿ ತುರಿಕೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ತೈಲ ಹಚ್ಚಿಕೊಂಡು ಬಿಸಿಲಿಗೆ ಹೋದರೆ ದ್ರವ ಇಳಿದ ಜಾಡಿನಲ್ಲೇ ಚರ್ಮ ಕಪ್ಪಾಗುತ್ತದೆಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಈಗ ಒಳ್ಳೆಯ ತಯಾರಕರು ಅದರಲ್ಲಿನ ದೋಷದ ಅಂಶವನ್ನು ತೆಗೆದು ಬಳಸುತ್ತಾರೆ. ಆದರೆ ರಸ್ತೆ ಬದಿಯ ನಕಲಿ ಬಾಟಲಿಯಲ್ಲಿ ತೆಗೆದಿದ್ದಾರೆಂದು ಹೇಳುವವರು ಯಾರು? ಹಳೆಯ ಬಾಟಲಿಗಳ ಬಗ್ಗೆಯೂ ಎಚ್ಚರವಿರಲಿ. ನಿಂಬೆಯ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್ ಗಾಳಿ ತಗುಲಿ ಹಳತಾದಂತೆ ಹೆಚ್ಚು ಅಲರ್ಜಿ ತರುವ ವಸ್ತುಗಳಾಗಿ ಮಾರ್ಪಡುತ್ತವೆ. ಕಿಟಕಿಯ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ಇಟ್ಟ ಬಾಟಲಿಯನ್ನು ಮೋಹ ಬಿಟ್ಟು ಎಸೆಯುವುದೇ ಲೇಸು.

ಅತ್ತರಿನ ಮಾತು

‘ನಾವು ಮದ್ಯಸಾರದ ಸೆಂಟು ಮುಟ್ಟುವುದಿಲ್ಲ, ಶಿವಾಜಿನಗರದಿಂದ ಅತ್ತರು ತರುತ್ತೇವೆ, ಅದು ಶುದ್ಧ’ ಎನ್ನುವವರು ಇದ್ದಾರೆ. ರಸೆಲ್ ಮಾರ್ಕೆಟಿನ ಸುತ್ತಿನ ಓಣಿಗಳಲ್ಲಿ ಪುಟ್ಟ ಸೀಸೆಗಳಲ್ಲಿ ಸಿಗುವ ಅತ್ತರಿಗೆ ಅದರದೇ ಆದ ಘನತೆಯಿದೆ. ಕನೌಜಿನ ಹಳೆಯ ಪದ್ಧತಿಯಲ್ಲಿ ಹೂವನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿ, ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುತ್ತಾರೆ. ಗಂಧದೆಣ್ಣೆಯ ಮಹಿಮೆ ನಮಗೆ ಹೇಳಬೇಕಾಗಿಲ್ಲ. 1916ರಷ್ಟು ಹಿಂದೆಯೇ ಅದಕ್ಕಾಗಿ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಆದರೆ ಗಂಧದೆಣ್ಣೆಯ ಇಂದಿನ ಬೆಲೆಯಲ್ಲಿ ಅಗ್ಗದ ಅತ್ತರು ಹಾಗೆ ತಯಾರಾಗಲು ಸಾಧ್ಯವಿಲ್ಲ. ಅವುಗಳಲ್ಲಿ ಲಿಕ್ವಿಡ್ ಪ್ಯಾರಾಫಿನ್‌ನಂಥ ದ್ರವಗಳಿಗೆ ಕೃತಕ ಸುಗಂಧ ಬೆರೆಸಿರುತ್ತಾರೆ.

ಅಸಲಿ ಅತ್ತರಾದರೂ ಅದು ಹಾಲು ಬೆರೆಸದ ಡಿಕಾಕ್ಷನ್ ಎಂಬುದನ್ನು ಮರೆಯಬಾರದು. ಮದ್ಯಸಾರವಿಲ್ಲದ್ದರಿಂದ ಉರಿಯುವುದಿಲ್ಲ, ನಿಜ. ಆದರೆ ಒಂದು ಹನಿಯಷ್ಟೂ ತೈಲವೇ. ಹೂವಿನಿಂದ ಬಂದದ್ದು ಎಂಬ ಕಾರಣಕ್ಕೆ ಚರ್ಮ ರಿಯಾಯಿತಿ ತೋರುವುದಿಲ್ಲ. ಮಲ್ಲಿಗೆಯ ತೈಲವೂ ಅಲರ್ಜಿ ತರಬಲ್ಲದು. ಅತ್ತರನ್ನು ಬಟ್ಟೆಯ ಅಂಚಿಗೆ ಅಥವಾ ಹಳಬರಂತೆ ಹತ್ತಿಯ ಚೂರಿಗೆ ಹಚ್ಚಿಕೊಳ್ಳುವುದು ಜಾಣತನ.

ಪಕ್ಕದವರ ಉಸಿರು

ಇನ್ನು ನಿಮ್ಮದಲ್ಲದ ದೇಹದ ಮಾತು. ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. ಅವರಲ್ಲಿ ಆಸ್ತಮಾ ಇದ್ದವರು ಶೇ. 9ರಿಂದ ಶೇ. 29.5ಕ್ಕೆ ಏರಿದ್ದರು. ಅದಕ್ಕೆ ಸೆಂಟು ಕಾರಣವೆಂದು ನಾನು ಹೇಳುತ್ತಿಲ್ಲ. ವಾಹನಗಳ ಹೊಗೆಯ ಪಾಲು ದೊಡ್ಡದು. ನಾನು ಹೇಳುವುದು ಇಷ್ಟೆ: ಈ ಊರಿನಲ್ಲಿ ನಿಮ್ಮ ಪಕ್ಕದಲ್ಲಿ ನಿಂತವರ ಶ್ವಾಸನಾಳ ಈಗಾಗಲೇ ನೊಂದಿರುವ ಸಂಭವ ಕಡಿಮೆಯೇನಲ್ಲ. ಗಾಢ ವಾಸನೆ ಅನೇಕ ಆಸ್ತಮಾ ರೋಗಿಗಳಲ್ಲಿ ಉಬ್ಬಸವನ್ನು ಕೆರಳಿಸುತ್ತದೆ. ಮೈಗ್ರೇನ್ ಇರುವವರಿಗೆ ತಲೆನೋವು ತರುತ್ತದೆ.

ಕಿಟಕಿ ತೆರೆದ ಬಸ್ಸಿನಲ್ಲಿ ಗಾಳಿ ಅದನ್ನು ಒಯ್ಯುತ್ತಿತ್ತು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡತೊಡಗಿದ ಮೆಟ್ರೊ, 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರದ ಕೊಂಡಿ ಕೂಡಿಕೊಂಡ ಮೇಲೆ ವೈಟ್‌ಫೀಲ್ಡ್‌ವರೆಗೆ ಎಡೆಬಿಡದೆ ಓಡುತ್ತಿದೆ. ಬೆಳಗಿನ ಒಂಬತ್ತು ಗಂಟೆಗೆ, ಮುಚ್ಚಿದ ಹವಾನಿಯಂತ್ರಿತ ಡಬ್ಬಿಯಲ್ಲಿ, ಭುಜಕ್ಕೆ ಭುಜ ತಾಗಿಸಿ ನಿಂತಾಗ ಆಗಷ್ಟೇ ಹಾಕಿಕೊಂಡ ಗಟ್ಟಿ ಸೆಂಟಿನಿಂದ ತಪ್ಪಿಸಿಕೊಳ್ಳಲು ಯಾರಿಗೂ ಜಾಗವಿಲ್ಲ. ಕೆಮ್ಮುತ್ತಿರುವ ಮಗುವಿನ ತಾಯಿ ನಿಮ್ಮನ್ನು ಕೇಳಲು ಸಂಕೋಚಪಟ್ಟು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡಬಹುದು. ಅದು ನಿಮಗೆ ತಿಳಿಯುವುದೂ ಇಲ್ಲ.

ಜ್ವರಕ್ಕೆ ಕಲೋನ್ ಬೇಡ

1709ರಲ್ಲಿ ಜರ್ಮನಿಯ ಕಲೋನ್ ಪಟ್ಟಣದಲ್ಲಿ ಫಾರಿನಾ ಮನೆತನದ ವ್ಯಾಪಾರವಾಗಿ ಶುರುವಾದ ಆ ನೀರು ನಮ್ಮ ಹಳೆಯ ಮನೆಗಳಲ್ಲಿ ‘ಯೂಡಿಕೊಲೋನ್’ ಆಗಿ ಔಷಧದ ಕಪಾಟು ಸೇರಿತ್ತು. ಜ್ವರ ಬಂದವರ ಹಣೆಗೆ ಅದರಲ್ಲಿ ಅದ್ದಿದ ಬಟ್ಟೆ! ಮದ್ಯಸಾರ ಆರುವಾಗ ತಂಪೆನಿಸುತ್ತದೆ, ಅಷ್ಟೆ. ಎಳೆಯ ಮಕ್ಕಳಲ್ಲಿ ಅದು ಚರ್ಮ ಮತ್ತು ಉಸಿರಿನ ಮೂಲಕ ರಕ್ತಕ್ಕೆ ಸೇರಿ ಮಂಪರು ತರಬಹುದು, ರಕ್ತದ ಸಕ್ಕರೆ ಇಳಿಸಬಹುದು. ಮಕ್ಕಳಿಗೆ ಖಂಡಿತ ಬೇಡ. ಉಗುರುಬೆಚ್ಚಗಿನ ನೀರು, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಸೆಂಟು ಹಾಕಿಕೊಂಡು ಅದು ಆರುವ ಮುನ್ನ ದೇವರ ದೀಪದ ಬಳಿಗೋ ಗ್ಯಾಸ್ ಒಲೆಯ ಬಳಿಗೋ ಹೋಗುವುದೂ ಬೇಡ.

ಬಾಟಲಿ ಬಾಯಿ ಬಿಡಲಿ

ಅನೇಕ ಬಾಟಲಿಗಳ ಮೇಲೆ ಮದ್ಯಸಾರ ಶೇಕಡಾ ಎಷ್ಟೆಂದು ಅಚ್ಚಾಗಿರುತ್ತದೆ. ಆದರೆ ನೀವು ಹಣ ಕೊಟ್ಟು ಕೊಳ್ಳುವ, ನಿಮ್ಮ ಚರ್ಮದ ಮೇಲೆ ಉಳಿಯುವ ತೈಲ ಎಷ್ಟೆಂದು ಇರುವುದಿಲ್ಲ. ಕುಡಿಯುವವನಿಗೆ ತಾನು ಕುಡಿಯುವುದರ ತೀಕ್ಷ್ಣತೆ ತಿಳಿಯುವ ಹಕ್ಕಿದೆ. ಸೆಂಟು ಹಚ್ಚಿಕೊಳ್ಳುವವನಿಗೆ ಇಲ್ಲವೆ? ಪದಾರ್ಥಗಳ ಪಟ್ಟಿಯಲ್ಲಿ ‘ಸುಗಂಧ’ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಅಡಗಿರುತ್ತವೆ. ಯುರೋಪಿನಲ್ಲಿ 2005ರಿಂದ ಅಲರ್ಜಿ ತರುವ 26 ವಸ್ತುಗಳನ್ನು ಹೆಸರು ಹಿಡಿದು ಬರೆಯಬೇಕೆಂಬ ನಿಯಮವಿದೆ. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚು ಹೆಸರುಗಳಿಗೆ ಬೆಳೆಸಿದರು. ಲಿಲಿಯಾಲ್ ಎಂಬ ವಸ್ತುವನ್ನು 2022ರ ಮಾರ್ಚಿನಿಂದ ಅಲ್ಲಿ ನಿಷೇಧಿಸಿದ್ದಾರೆ. ಅಲ್ಲಿನವರ ಚರ್ಮಕ್ಕೊಂದು, ನಮ್ಮ ಚರ್ಮಕ್ಕೊಂದು ನ್ಯಾಯ ಇರಬಾರದು. ತೈಲದ ಶೇಕಡಾವಾರು ಪ್ರಮಾಣ, ಅಲರ್ಜಿಕಾರಕಗಳ ಹೆಸರು, ತಯಾರಾದ ದಿನಾಂಕ ಈ ಮೂರೂ ಇಲ್ಲಿ ಮಾರುವ ಪ್ರತಿ ಬಾಟಲಿಯ ಮೇಲೆ ಓದಲು ಬರುವ ಅಕ್ಷರದಲ್ಲಿ ಇರಬೇಕೆಂದು ನಮ್ಮ ಸರ್ಕಾರ ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಹೀಗಿದೆ. ದಿನದ ಓಡಾಟಕ್ಕೆ ಕಲೋನ್ ಅಥವಾ ಟಾಯ್ಲೆಟ್, ಎರಡು ಮೂರು ಒತ್ತು. ಸಂಜೆಯ ಸಮಾರಂಭಕ್ಕೆ ಪರ್ಫ್ಯೂಮ್ ಆದರೆ ಒಂದೆರಡು. ಒಂದು ಗೇಣು ದೂರದಿಂದ, ಆದಷ್ಟೂ ಬಟ್ಟೆಯ ಮೇಲೆ, ಹೊರಡುವ ಅರ್ಧ ಗಂಟೆ ಮೊದಲು ಹಾಕಿಕೊಳ್ಳಿ. ಕ್ಷೌರ ಮಾಡಿದ ಜಾಗಕ್ಕೆ ಆ ದಿನ ಬೇಡ. ಹೊಸದನ್ನು ಕೊಂಡಾಗ ಮೊಳಕೈಯ ಒಳಮಡಿಕೆಗೆ ದಿನಕ್ಕೆರಡು ಸಲ, ಒಂದು ವಾರ ಸ್ವಲ್ಪ ಹಚ್ಚಿ ನೋಡಿ. ತುರಿಕೆ ಬಂದರೆ ನಿಲ್ಲಿಸಿ. ಬಂದ ತುರಿಕೆ ಹೋಗದಿದ್ದರೆ ಆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಬೌರಿಂಗ್ ಆಸ್ಪತ್ರೆಯ ಅಥವಾ ನಿಮಗೆ ಹತ್ತಿರದ ಚರ್ಮ ವೈದ್ಯರನ್ನು ಕಾಣಿ. ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆಯಿಂದ ಯಾವ ವಸ್ತು ಒಗ್ಗುವುದಿಲ್ಲವೆಂದು ತಿಳಿಯಬಹುದು.

ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟವನಿಗೆ ಸೆಂಟು ಅಲಂಕಾರವೇ ಹೊರತು ಅಗತ್ಯವಲ್ಲ. ತೋಳಳತೆಯ ದೂರದಲ್ಲಿ ನಿಂತವರಿಗೆ ಅದು ಬಾರದಿದ್ದರೆ ನಿಮ್ಮ ಪ್ರಮಾಣ ಸರಿಯಾಗಿದೆ ಎಂದೇ ತಿಳಿಯಿರಿ.