ಪೌನೇ ಚಾರ್, ಕ್ವಾರ್ಟರ್ ಟು ಫೋರ್

ಗಂಟೆ ಎಷ್ಟಾಯಿತು ಎಂದು ಕೇಳಿದರೆ ಇಂದಿನ ಮಕ್ಕಳು ಗೋಡೆ ನೋಡುವುದಿಲ್ಲ, ಮೊಬೈಲ್ ಹುಡುಕುತ್ತಾರೆ. ಮೊಬೈಲ್‌ನಲ್ಲಿ 3.45 ಎಂದು ಓದಲು ಅಂಕಿ ಗೊತ್ತಿದ್ದರೆ ಸಾಕು. ಗೋಡೆಯ ಗಡಿಯಾರಕ್ಕೆ ಲೆಕ್ಕವೂ ಬೇಕು. ಇದು ನಮ್ಮ ಮಕ್ಕಳ ಕೊರತೆ ಮಾತ್ರವಲ್ಲ. ಮುಳ್ಳಿನ ಗಡಿಯಾರ ಓದಲು ವಿದ್ಯಾರ್ಥಿಗಳು ತಡವರಿಸುತ್ತಾರೆಂದು ಬ್ರಿಟನ್ನಿನ ಕೆಲವು ಶಾಲೆಗಳು ಪರೀಕ್ಷಾ ಕೊಠಡಿಗಳಲ್ಲಿ ಅಂಕಿಯ ಗಡಿಯಾರ ಹಾಕಿದ ಸುದ್ದಿ 2018ರಲ್ಲಿ ಬಂದಿತ್ತು.

ನಮ್ಮ ತಾಯಂದಿರ ತೊಂದರೆ ಬೇರೆ. ಅವರಿಗೆ ಗಡಿಯಾರ ಬರುತ್ತದೆ, ಅದರ ಇಂಗ್ಲಿಷ್ ಬರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮಗುವನ್ನು ತಜ್ಞ ವೈದ್ಯರಿಗೆ ತೋರಿಸಲೆಂದು ಫೋನ್ ಮಾಡಿದ್ದರು. ‘ಕ್ವಾರ್ಟರ್ ಟು ಇಲೆವೆನ್‌ಗೆ ಬನ್ನಿ’ ಎಂಬ ಉತ್ತರ ಬಂತು. ಕ್ವಾರ್ಟರ್ ಎಂದರೆ ಕಾಲು, ಇಲೆವೆನ್ ಎಂದರೆ ಹನ್ನೊಂದು. ಹನ್ನೊಂದೂಕಾಲು ಎಂದು ತಿಳಿದು ಹೋದರು. ಅಷ್ಟರಲ್ಲಿ ಅವರ ಸರದಿ ಮುಗಿದು ಅರ್ಧ ಗಂಟೆಯಾಗಿತ್ತು. ಆ ವೈದ್ಯರು ವಾರಕ್ಕೊಮ್ಮೆ ಬರುವವರು. ಕಾಯಿಲೆಯ ಮಗುವಿನೊಂದಿಗೆ ಇನ್ನೊಂದು ವಾರ ಕಾಯಬೇಕಾಯಿತು. ಫೋನಿನಲ್ಲಿ ಮತ್ತೊಮ್ಮೆ ಕೇಳಲು ಅವರಿಗೆ ನಾಚಿಕೆಯಾಗಿತ್ತಂತೆ.

ಸಹೋದರಿಯರೇ, ಇಲ್ಲಿ ಉರ್ದು ಮಾತಾಡುವ ಮನೆಗಳಿಗೆ ಒಂದು ಅನುಕೂಲವಿದೆ. ಕನ್ನಡದಲ್ಲಿ 3.45ನ್ನು ‘ಮೂರೂ ಮುಕ್ಕಾಲು’ ಎನ್ನುತ್ತೇವೆ. ಅಂದರೆ ಕಳೆದ ಗಂಟೆಗೆ ಮುಕ್ಕಾಲು ಸೇರಿಸುತ್ತೇವೆ. ಉರ್ದುವಿನಲ್ಲಿ ಅದೇ ‘ಪೌನೇ ಚಾರ್’, ನಾಲ್ಕಕ್ಕೆ ಕಾಲು ಕಡಿಮೆ. ಇಂಗ್ಲಿಷಿನ ‘ಕ್ವಾರ್ಟರ್ ಟು ಫೋರ್’ ಕೂಡ ಇದೇ. ಹಾಗೆಯೇ ‘ಸವಾ ತೀನ್’ ಎಂದರೆ ಕ್ವಾರ್ಟರ್ ಪಾಸ್ಟ್ ತ್ರೀ, ‘ಸಾಡೇ ತೀನ್’ ಎಂದರೆ ಹಾಫ್ ಪಾಸ್ಟ್ ತ್ರೀ. ಅಜ್ಜಿಯ ಬಾಯಲ್ಲಿರುವುದನ್ನೇ ಮಗು ಶಾಲೆಯಲ್ಲಿ ಹೊಸದೆಂದು ಬಾಯಿಪಾಠ ಮಾಡುತ್ತಿದೆ! ಕನ್ನಡ ಮಾತಾಡುವ ಮನೆಯವರೂ ಹೆದರಬೇಕಿಲ್ಲ. ‘ನಾಲ್ಕಕ್ಕೆ ಇನ್ನು ಹತ್ತು ನಿಮಿಷ ಇದೆ’ ಎಂದು ನಾವು ದಿನಾ ಹೇಳುವುದಿಲ್ಲವೇ? ಅದೇ ‘ಟೆನ್ ಟು ಫೋರ್’. ದೊಡ್ಡ ಮುಳ್ಳು ಆರನ್ನು ದಾಟುವವರೆಗೆ ಪಾಸ್ಟ್, ದಾಟಿದ ಮೇಲೆ ಟು.

ಮಕ್ಕಳಿಗೆ ಕಲಿಸುವಾಗ ಮೊದಲು ಚಿಕ್ಕ ಮುಳ್ಳನ್ನು ಮಾತ್ರ ತೋರಿಸಿ. ರಟ್ಟಿನ ಗಡಿಯಾರ ಮಾಡಿ ಒಂದೇ ಮುಳ್ಳು ಸಿಕ್ಕಿಸಿದರೆ ಸಾಕು. ಅದು ಮೂರು ಮತ್ತು ನಾಲ್ಕರ ನಡುವೆ ಎಲ್ಲೇ ಇರಲಿ, ನಾಲ್ಕು ಇನ್ನೂ ಆಗಿಲ್ಲ ಎಂದು ಮಗುವೇ ಹೇಳಬೇಕು. ಇದು ಗಟ್ಟಿಯಾಗದ ಮಕ್ಕಳು 3.50ನ್ನು 4.50 ಎಂದು ಓದುತ್ತಾರೆ, ಏಕೆಂದರೆ ಆಗ ಚಿಕ್ಕ ಮುಳ್ಳು ನಾಲ್ಕಕ್ಕೆ ತಾಗಿದಂತೆಯೇ ಕಾಣುತ್ತದೆ. ಆಮೇಲೆ ದೊಡ್ಡ ಮುಳ್ಳು, ಅದಕ್ಕೆ ಐದರ ಮಗ್ಗಿ. ಕಾಲು, ಅರ್ಧ ತೋರಿಸಲು ಒಂದು ಚಪಾತಿ ಕತ್ತರಿಸಿ. ಮಸೀದಿಗಳಲ್ಲಿ ಜಮಾಅತ್‌ನ ಸಮಯ ತೋರಿಸುವ ಪುಟ್ಟ ಗಡಿಯಾರಗಳ ಹಲಗೆ ಇರುತ್ತದಲ್ಲ, ಅದನ್ನು ಓದಿಕೊಂಡು ಬರಲು ಮಗನಿಗೆ ಹೇಳಿ. ಮುಳ್ಳು ಓಡದ ಗಡಿಯಾರ ಕಲಿಯುವವರಿಗೆ ಬಹಳ ಒಳ್ಳೆಯದು.

ಗಲ್ಫ್‌ನಲ್ಲಿ ಪತಿಯೋ ಮಗನೋ ಇರುವ ಮನೆಗಳಲ್ಲಿ ಇನ್ನೊಂದು ಲೆಕ್ಕವಿದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ರಿಯಾದ್‌ನಿಂದ ‘ರಾತ್ರಿ ಹಾಫ್ ಪಾಸ್ಟ್ ನೈನ್‌ಗೆ ಮಾಡುತ್ತೇನೆ’ ಎಂದರೆ ನಮಗದು ನಡುರಾತ್ರಿ ಹನ್ನೆರಡು. ಯಾರ ಗಡಿಯಾರ ಎಂದು ಮೊದಲೇ ಕೇಳಿಕೊಂಡರೆ ಕಾಯುವುದೂ ತಪ್ಪುತ್ತದೆ, ಮುನಿಸೂ ತಪ್ಪುತ್ತದೆ.

ಎಎಂ, ಪಿಎಂ ಎಂಬುವು ಲ್ಯಾಟಿನ್ ಮಾತುಗಳ ಚುಟುಕು ರೂಪ. ಮಧ್ಯಾಹ್ನಕ್ಕೆ ಮೊದಲು, ಮಧ್ಯಾಹ್ನದ ನಂತರ ಎಂದು ಅರ್ಥ. ಮಧ್ಯಾಹ್ನ ಹನ್ನೆರಡನ್ನು 12 ಪಿಎಂ ಎಂದೂ ನಡುರಾತ್ರಿಯನ್ನು 12 ಎಎಂ ಎಂದೂ ಬರೆಯುವ ರೂಢಿ. ಹೆಚ್ಚು ಜನ ಎಡವುವುದು ಇಲ್ಲೇ. ಬಸ್ ಟಿಕೆಟಿನಲ್ಲಿ 15ನೇ ತಾರೀಖು, 12.15 ಎಎಂ ಎಂದಿದ್ದರೆ 14ರ ರಾತ್ರಿ ಊಟ ಮುಗಿಸಿ ಹೊರಡಬೇಕು. ರೈಲಿನ ಟಿಕೆಟಿನಲ್ಲಿ ಅದೇ 00.15 ಎಂದಿರುತ್ತದೆ.